ಹಡಗಿನ ಹೆಸರು

"ಲೇ ಬೋಳಿಮಗನ, ಬಣ್ಣಾ ಬಳಿಯಾಕತ್ತೀಯೋ, ಮದಿಮಗಳಿಗೆ ಅರಿಷಿಣ ಹಚ್ಚಾಕತ್ತೀಯೋ? ಆಟಪ್, ಲಗೂ ಮುಗಸ್."

ಮೇಲಿನ ಕಟಕಟೆಯಿಂದ ಬಗ್ಗಿ ಬೈಯುತ್ತಿದ್ದವನು ನಿಪ್ಪಾಣಿಯ ರಾವಸಾಹೇಬ, ಹಡಗಿನ ಆಳುಗಳ ಮೇಸ್ತ್ರಿ. ಕೆಳಗೆ, ಹಡಗಿನ ಹಿಂಬದಿಗೆ ಎರಡು ಹಗ್ಗದಲ್ಲಿ ಇಳಿಬಿಟ್ಟ ಹಲಗೆಯ ಮೇಲೆ ಜುಗೂಳದ ಬಿಲಾಲ ಕುಳಿತಿದ್ದ. ಮೊಳದುದ್ದದ ಬಿಳಿ ಅಕ್ಷರಗಳಲ್ಲಿದ್ದ ಹಡಗಿನ ಹೆಸರಿನ ಮೇಲೆ ಕರಿ ಬಣ್ಣ ಬಳಿಯುವುದು ಅವನ ಕೆಲಸ. ಐದು ಅಕ್ಷರಗಳಲ್ಲಿ ಮೂರು ಮುಚ್ಚಿದ್ದವು. ಯಾಕೆಂದು ಯಾರೂ ಹೇಳಿರಲಿಲ್ಲ. ಯಾವ ದೇಶಕ್ಕೆ ಹೊರಟಿದ್ದೇವೆಂದೂ ಹೇಳಿರಲಿಲ್ಲ. ನಿನ್ನೆ ಎಡಕ್ಕೆ ಹುಟ್ಟಿದ ಸೂರ್ಯ ಇವತ್ತು ಹಡಗಿನ ಬೆನ್ನಿಗೆ ಹುಟ್ಟಿದ್ದ.

ಕೃಷ್ಣೆಗೆ ಮಹಾಪೂರ ಬಂದಾಗ ಮಾಳಿಗೆ ಏರಿ ಕೂತವರನ್ನು ಅಪ್ಪ ಇಬ್ರಾಹಿಮನ ನಾವೆಯಲ್ಲಿ ದಂಡೆಗೆ ತಂದವನು ಬಿಲಾಲ. ಅದರ ವಿಡಿಯೋ ನೋಡಿಯೇ ರಾವಸಾಹೇಬ ಮನೆಗೆ ಬಂದದ್ದು. "ಹೊಳಿ ಗೆದ್ದವಗ ಸಮುದ್ರ ಏನ್ ಮಹಾ" ಎಂದು ಪಾಸ್‌ಪೋರ್ಟ್ ಇಸಿದುಕೊಂಡಿದ್ದ. ಹಡಗು ಹತ್ತಿದ ಮೊದಲ ದಿನ ಬಿಲಾಲ, "ಇಲ್ಲಿ ನೀರು ಯಾ ಕಡೆ ಹರೀತೈತ್ರಿ? ದಂಡಿ ಯಾ ಕಡೆ?" ಎಂದು ಕೇಳಿದ. ಅವತ್ತಿನಿಂದ ಅವನನ್ನು ಎಲ್ಲರೂ ದಂಡಿ ಎಂದೇ ಕರೆದರು.

ಕರೋಶಿಯ ಜಕ್ಕಪ್ಪ ಒಬ್ಬನೇ ಹಾಗೆ ಕರೆಯಲಿಲ್ಲ. ಅವನು ಈಗ ಕೆಳಗಿನ ಕೋಣೆಯಲ್ಲಿ ಬಿದ್ದಿದ್ದ. ಮೂರು ದಿನದ ಹಿಂದೆ ಎಂಜಿನ್ನಿನ ಹಬೆ ಅವನ ಎದೆ, ಕತ್ತು ಬೇಯಿಸಿತ್ತು. ಮಲಗಿಸಲು ಬಾಳೆಲೆ ಎಲ್ಲಿಂದ ಬರಬೇಕು? ಪ್ಲಾಸ್ಟಿಕ್ ಹಾಳೆ ಹಾಸಿದ್ದರು.

"ಸಾಹೇಬ್ರ, ಜಕ್ಕಪ್ಪಣ್ಣನ ಮೈ ವಾಸನಿ ಹೊಡ್ಯಾಕತ್ತೈತ್ರಿ. ಯಾವದರ ಬಂದರಕ್ಕ ಇಳಸ್ರಿ, ದವಾಖಾನಿಗೆ ಒಯ್ಯೂಣು."

"ಇನ್ನ ಹನ್ನೆರಡ ದಿನ ಯಾ ಬಂದರಾನೂ ಇಲ್ಲ. ಸತ್ರ ಒಗದ ಬಿಡೂಣು. ಸಮುದ್ರೇನ್ ಸಣ್ಣದಲ್ಲ."

ಬಿಲಾಲ ಕುಂಚವನ್ನು ಬಣ್ಣಕ್ಕೆ ಅದ್ದಿದ. ಅವನ ಮನೆಯವರು ಹೆಣವನ್ನೂ ನಡುನೀರಿನಲ್ಲಿ ಬಿಟ್ಟು ಬಂದವರಲ್ಲ. ತೇಲಿ ಬಂದದ್ದು ಯಾವ ಜಾತಿಯದೇ ಇರಲಿ, ನಾವೆಗೆ ಕಟ್ಟಿ ದಂಡೆ ಮುಟ್ಟಿಸಿದ ಮೇಲೆಯೇ ಅಪ್ಪ ರೊಟ್ಟಿ ಮುರಿಯುತ್ತಿದ್ದ.

ದೂರದಲ್ಲಿ ಬೂದು ಬಣ್ಣದ ಹಡಗೊಂದು ಇತ್ತ ತಿರುಗಿತು. ರಾವಸಾಹೇಬನ ದನಿ ತಗ್ಗಿತು.

"ಕಾವಲಿನವರು ಬರಾಕತ್ತಾರ. ಹಳೇ ಹೆಸರ ಓದಿದ್ರಂದ್ರ ಹಿಡದ ಬಂದರಕ್ಕ ಎಳಕೊಂಡ ಹೋಗ್ತಾರ. ಲಗೂ ಮುಚ್ಚಲೇ, ದಂಡಿ."

"ಖರೇನ ಬಂದರಕ್ಕ ಒಯ್ತಾರೇನ್ರಿ?"

"ಮತ್ತೇನ್ ನಿನ್ನ ಅತ್ತಿ ಮನಿಗೆ ಒಯ್ತಾರ? ಎಲ್ಲಾರ್ಕಿಂತ ಮೊದಲ ನೀನ ಜೇಲಿಗೆ ಹೋಗಾವ. ಬಣ್ಣಾ ಬಳದಾವ ನೀನ ಅಲಾ."

ಬಿಲಾಲ ಕುಂಚವನ್ನು ನೀರಿಗೆ ಬಿಟ್ಟ. ಅಂಗಿ ಕಳಚಿ, ಪಕ್ಕದ ಡಬ್ಬಿಯ ಸೀಮೆಎಣ್ಣೆಯಲ್ಲಿ ಅದ್ದಿ, ಹಸಿ ಬಣ್ಣ ಒರೆಸತೊಡಗಿದ. ಮೊದಲ ಅಕ್ಷರ ಬೆಳ್ಳಗೆ ಹೊರಬಂತು.

"ಏನ್ ಮಾಡಾಕತ್ತೀಯಲೇ ಸೂಳಿಮಗನ? ನಿನ್ನ ಪಾಸ್‌ಪೋರ್ಟ್ ನನ್ನ ಕಡೆ ಐತಿ."

"ಇಟ್ಕೋ."

ರಾವಸಾಹೇಬನಿಗೆ ಅವನು ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು. ಮೇಲೆ ಹಗ್ಗದ ಗಂಟು ಬಿಚ್ಚುವ ಸದ್ದಾಯಿತು. ಹಲಗೆಯ ಎಡತುದಿ ಕಳಚಿ ಕೆಳಗೆ ಬಿತ್ತು. ಬಿಲಾಲ ಬಲಗೈಯಿಂದ ಉಳಿದ ಹಗ್ಗಕ್ಕೆ ಜೋತುಬಿದ್ದು, ಎಡಗೈಯಿಂದ ಎರಡನೆಯ ಅಕ್ಷರ ಒರೆಸಿ, ಮೂರನೆಯದರತ್ತ ಚಾಚಿದ.