ಉಜ್ಜಿಹೋದ ಮುದ್ರೆ

ಶ್ರೀರಂಜನಿ ಹಾಲಿನ ಬಾಗಿಲಲ್ಲೇ ನಿಂತುಬಿಟ್ಟಳು. ಮೂಲೆಯಲ್ಲಿದ್ದ ಅಪ್ಪನ ಡಬಲ್ ಬೇಸ್ ಹೊಸ ಬೀರುವಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಪಿಟೀಲಿನ ದೊಡ್ಡಣ್ಣನಂಥ ಆ ಆಳೆತ್ತರದ ವಾದ್ಯದ ಹೊಟ್ಟೆಗೆ ಅರಿಶಿನ ಕುಂಕುಮ ಬಳಿದಿತ್ತು, ಕುತ್ತಿಗೆಗೆ ಬಾಡಿದ ಚೆಂಡುಹೂವಿನ ಹಾರ ಬಿದ್ದಿತ್ತು.

"ಹೆಂಗಿದೆ ಅಕ್ಕ?" ಎಂದ ತಮ್ಮ ರಘೋತ್ತಮ. "ಆಯುಧಪೂಜೆಗೆ ನಮ್ಮ ಫ್ಯಾಕ್ಟರಿ ಮೆಷಿನ್‌ಗಳಿಗೆಲ್ಲ ಪೇಂಟ್ ಹೊಡೆಸಿದ್ವಲ್ಲ, ಹಂಗೇ ಇದಕ್ಕೂ ಒಂದು ಕೈ ಕೊಡಿಸ್ದೆ. ಪಿ.ಯು. ಪಾಲಿಶ್. ಇನ್ನು ಗೆದ್ದಲು ಹತ್ತಿರ ಸುಳಿಯಲ್ಲ."

ಅವಳು ಹಿಂದೆ ತಿರುಗಿ ನೋಡಿದಳು. ಗೋಪಿನಾಥ್ ಚಪ್ಪಲಿ ಬಿಡುತ್ತಿದ್ದರು. ಹಳೆಯ ತಂತಿವಾದ್ಯಗಳನ್ನು ನೋಡಿ ಅವು ಯಾವ ಕಾಲದ್ದು, ಯಾರ ಕೈಯದ್ದು ಎಂದು ಹೇಳಬಲ್ಲವರು ಅವರು. ಬೆಂಗಳೂರಿನಿಂದ ಹೊಸೂರಿಗೆ ಅವರನ್ನು ಕರೆತರಲು ಅವಳು ವರ್ಷಗಟ್ಟಲೆ ಬೆನ್ನು ಹತ್ತಿದ್ದಳು.

ಅಪ್ಪ ಅನಂತ್ ಮದರಾಸಿನ ಸಿನಿಮಾ ಸ್ಟುಡಿಯೋಗಳಲ್ಲಿ ಈ ಬೇಸ್ ನುಡಿಸಿಯೇ ಮನೆ ನಡೆಸಿದವರು. ಉಳಿದವರ ವಾದ್ಯಗಳಿಗೆಲ್ಲ ಹೆಸರಾಂತ ತಯಾರಕರಿದ್ದರು. ಇವರು ಬಂದರೆ "ಏನು ಅನಂತು, ಭತ್ತ ತುಂಬೋ ಪತ್ತಾಯ ತಂದ್ಯಾ?" ಎಂದು ಆಡಿಕೊಳ್ಳುತ್ತಿದ್ದರಂತೆ. ಅಪ್ಪ ವಾದಕ್ಕೆ ಇಳಿದವರಲ್ಲ. ಬೇಸಿನ ಬೆನ್ನಿನ ಮೇಲ್ತುದಿಯಲ್ಲಿ, ಕುತ್ತಿಗೆ ಬಂದು ಕೂಡುವ ಕಡೆ, ಮರ ಸುಟ್ಟು ಒತ್ತಿದ ಸಣ್ಣ ಮುದ್ರೆಯೊಂದಿತ್ತು; ಅದು ವಾದ್ಯ ಮಾಡಿದವನ ಹೆಸರು. ಮೇಲೆ ತಲೆಮಾರುಗಳ ಕೊಳೆ ಕೂತು ಓದಲು ಬರುತ್ತಿರಲಿಲ್ಲ. ಅದನ್ನು ಒರೆಸಲು ಅಪ್ಪ ಯಾರಿಗೂ ಬಿಡಲಿಲ್ಲ. "ಬಲ್ಲವರು ಬರಲಿ" ಎನ್ನುತ್ತಿದ್ದರು. ಬಲ್ಲವರು ಬರುವ ಮೊದಲೇ ತೀರಿಕೊಂಡರು. ಆ ಹೆಸರನ್ನು ಓದಿಸಬೇಕು, ಅವಳಿಗೆ ಬೇಕಿದ್ದದ್ದು ಅಷ್ಟೇ.

ಗೋಪಿನಾಥ್ ಹಾರ ತೆಗೆದು, ಬೇಸನ್ನು ತಿರುಗಿಸಿ, ಹೆಬ್ಬೆರಳಿನಿಂದ ಬೆನ್ನು ಸವರಿದರು. ಗಾಜಿನಂಥ ನುಣುಪು.

"ಇಲ್ಲೇ ಅಲ್ವೇನಮ್ಮ ಮುದ್ರೆ ಇದ್ದಿದ್ದು? ಫೋಟೋ ಏನಾದ್ರೂ ಇದ್ಯಾ?"

ಅವಳ ಫೋನಿನಲ್ಲಿ ಒಂದಿತ್ತು. ಅದರಲ್ಲಿ ಕಪ್ಪು ಮಸಿಯ ಹೊರತು ಏನೂ ಕಾಣಲಿಲ್ಲ. ಅವರು ಟಾರ್ಚ್ ಬಿಟ್ಟು ಒಳಗೆ ಇಣುಕಿದರು. "ಒಳಗೆ ಚೀಟಿ ಇಲ್ಲ. ಇದ್ದಿದ್ರೂ ನಂಬ್ತಿರ್ಲಿಲ್ಲ, ಚೀಟಿ ಯಾರು ಬೇಕಾದ್ರೂ ಅಂಟಿಸ್ತಾರೆ. ಮಾಡಿದವನ ಕೈ ಗೊತ್ತಾಗೋದು ವಾರ್ನಿಷ್‌ನಲ್ಲಿ, ಅಂಚುಗಳಲ್ಲಿ. ಎರಡನ್ನೂ ಉಜ್ಜಿಬಿಟ್ಟಿದಾರೆ."

"ಅಲ್ಲೇನೂ ಇರ್ಲಿಲ್ಲ ಸಾರ್," ಎಂದ ರಘೋತ್ತಮ. "ಇದ್ದಿದ್ರೆ ಪೇಂಟರ್ ಹೇಳ್ತಿದ್ದ."

"ಅವನಿಗೆ ಫೋನ್ ಮಾಡು," ಎಂದಳು ಶ್ರೀರಂಜನಿ. "ಸ್ಪೀಕರ್ ಹಾಕು."

ಪೇಂಟರ್ ಮಾದೇಶ್ ತಳಿ ಊರಿಗೆ ಹೋಗುವ ಬಸ್ಸಿನಲ್ಲಿದ್ದ. ಗದ್ದಲದ ನಡುವೆ ಅವನ ದನಿ ಕೇಳಿತು. "ಇತ್ತಲ್ಲ ಸಾರ್, ಕುತ್ಗೆ ಬುಡ್ದಾಗೆ. ಉಪ್ಪುಕಾಗ್ದ ಹಾಕಿ ಉಜ್ತಿದ್ದಂಗೆ ಅಕ್ಸರ ಎದ್ ಬಂತು. ಇಂಗ್ಲೀಸು. ತಮಿಳಾಗಿದ್ರೆ ಓದ್ಬುಡ್ತಿದ್ದೆ. ಬುಡ್ಲಾ ಸಾರ್ ಅಂತ ನಿಮ್ನೇ ಕೇಳ್ದೆ. ಮಚ್ಚೆ ತರ ಕಾಣ್ತದೆ, ಉಜ್ಜಾಕು ಅಂದ್ರಿ."

ರಘೋತ್ತಮ ಫೋನ್ ಇಟ್ಟ.

ಅಂದರೆ ಹೆಸರು ಕೊಳೆಯಿಂದ ಮೇಲೆದ್ದಿತ್ತು. ಅಪ್ಪ ಬದುಕೆಲ್ಲ ಕಾದದ್ದು ಈ ಮನೆಯಲ್ಲೇ ಹಗಲು ಬೆಳಕಿಗೆ ಬಂದಿತ್ತು. ಎದುರಿಗಿದ್ದವನು ಓದಬಲ್ಲವನಾಗಿದ್ದ, ಓದಲಿಲ್ಲ.

"ನೀನು ನೋಡಿದೀಯ," ಎಂದಳು.

"ಒಂದು ಕ್ಷಣ. ಜೆ ಅಂತ ಏನೋ... ಫ್ಯಾಕ್ಟರೀಲಿ ಹಳೇ ಬಣ್ಣ ಪೂರ್ತಿ ಕೆರೆದೇ ಹೊಸದು ಹಾಕೋದು ಅಕ್ಕ. ಅಪ್ಪಂದು ಚೆನ್ನಾಗಿ ಕಾಣ್ಲಿ ಅಂತ ತಾನೆ ಮಾಡ್ಸಿದ್ದು."

"ಅಪ್ಪ ಏನು ಲೇತ್ ಮೆಷಿನ್ನೇನೋ?"

ಕಾಫಿ ತಂದ ಅಂಬುಜಮ್ಮ ಲೋಟಗಳನ್ನು ಇಟ್ಟು ಮಗನ ಪಕ್ಕ ನಿಂತರು. "ಆಗಿದ್ದು ಆಗ್ಹೋಯ್ತು ಕಣೆ. ಬಂದವರ ಮುಂದೆ ಯಾಕೆ?"

ಅವಳ ಮುಖ ನೋಡಲಾರದೆ ಗೋಪಿನಾಥ್ ಲ್ಯಾಪ್‌ಟಾಪ್ ತೆರೆದರು. "ಆಕಾರ ನೋಡಿದ್ರೆ ಇಂಗ್ಲೆಂಡಿನದು. ಇಂಥವರ ಶೈಲಿ ಅಂತ ಪ್ರಮಾಣಪತ್ರದಲ್ಲಿ ಒಂದು ಹೆಸರು ಬರೆದುಕೊಡಬಹುದಮ್ಮ. ಅದು ಸುಳ್ಳಲ್ಲ, ಅಂದಾಜು."

"ಹಂಗೇ ಮಾಡಿ ಸಾರ್. ಒಳ್ಳೇ ಹೆಸರು ನೋಡಿ ಹಾಕಿ," ಎಂದ ರಘೋತ್ತಮ, ಬದುಕಿಕೊಂಡವನಂತೆ ಉಸಿರು ಬಿಟ್ಟು.

ಆ ಉಸಿರೇ ಅವಳನ್ನು ಸುಟ್ಟಿತು. ಅಪ್ಪನ ಹಾಗೆ ತಾನೂ ಬಾಯಿ ಮುಚ್ಚಿ ಕೂತರೆ, ಇನ್ನು ಹಬ್ಬಹಬ್ಬಕ್ಕೂ ಇವನು ಬಂದವರಿಗೆಲ್ಲ ಆ ಅಂದಾಜಿನ ಹೆಸರನ್ನು ಓದಿ ಹೇಳುತ್ತಾನೆ.

"ಬೇಡ," ಎಂದಳು. "ತಯಾರಕರು ಗೊತ್ತಿಲ್ಲ ಅಂತ ಬರೀರಿ. ಮುದ್ರೆ ಇತ್ತು, ಮನೆಯವರೇ ಉಜ್ಜಿಸಿ ಅಳಿಸಿದರು ಅಂತಾನೂ ಬರೀರಿ. ಯಾರು ಅಳಿಸಿದ್ದು ಅಂತ ಹೆಸರು ಹಾಕಿ."

"ಅಕ್ಕ, ನನ್ನ ಹೆಸರು ಯಾಕೆ ಅದ್ರಲ್ಲಿ?"

"ಮಾಡಿದವನ ಹೆಸರಂತೂ ಹೋಯ್ತು. ಅಳಿಸಿದವನದ್ದಾದ್ರೂ ಉಳೀಲಿ."

ಗೋಪಿನಾಥ್ ತಾಯಿಯ ಕಡೆ ನೋಡಿದರು.  ಆಮೇಲೆ ನಿಧಾನವಾಗಿ ಟೈಪ್ ಮಾಡಿದರು, ನಿಲ್ಲಿಸಿದರು.

"ಇನಿಷಿಯಲ್?"

ರಘೋತ್ತಮ ಗೋಡೆ ನೋಡುತ್ತಿದ್ದ. ಶ್ರೀರಂಜನಿಯ ಬಾಯಿಗೂ ಅದು ಬರಲಿಲ್ಲ. ಕೊನೆಗೆ ಹೇಳಿದವರು ಅಂಬುಜಮ್ಮ.

"ಎ. ರಘೋತ್ತಮ. ಎ ಅಂದ್ರೆ ಅನಂತ್."