ಅಂಚು ಹೊಲಿದ ತೂತು

ತಪಾಸಣಾ ಶಿಬಿರದ ಬಾಗಿಲ ಬಳಿ ಚಪ್ಪಲಿಗಳ ನಡುವೆ ಒಂದು ಜೊತೆ ಕ್ಯಾನ್ವಾಸ್ ಶೂ, ಬಲಗಾಲಿನದರಲ್ಲಿ ಹೆಬ್ಬೆರಳಿನ ಜಾಗಕ್ಕೆ ಗುಂಡಗೆ ಕತ್ತರಿಸಿದ ತೂತು, ಯಾರದೋ ಏನೋ, ಇರಲಿ, ಮುಂದಿನವರು ಬನ್ನಿ, ನೋವಿರೋ ಕಾಲು ತೋರಿಸಿ ಅಜ್ಜಾ, ಅದಲ್ಲ, ಇನ್ನೊಂದು — ಬೆಳಗಿನಿಂದ ಇದೇ ಗೋಳು, ಎಲ್ಲರೂ ಚೆನ್ನಾಗಿರುವ ಕಾಲನ್ನೇ ಮುಂದಿಡುತ್ತಾರೆ, ಊದಿದ್ದನ್ನು ತೋರಿಸಲು ನಾಚಿಕೆಯಂತೆ, ಹಾಗಿದ್ದರೆ ತಪಾಸಣೆಗೆ ಬಂದದ್ದಾದರೂ ಯಾಕೆ, ಯೂರಿಕ್ ಆಮ್ಲ ಹೆಚ್ಚಾದರೆ ಕೀಲಿನೊಳಗೆ ಹರಳುಗಟ್ಟುತ್ತದೆ, ಬೇಗ ಗೊತ್ತಾದರೆ ಮಾತ್ರೆಗೆ ಬಗ್ಗುತ್ತದೆ, ಬಿಟ್ಟರೆ ಮೂತ್ರಪಿಂಡಕ್ಕೂ ಕುತ್ತು ಎಂದು ಗಂಟಲು ಹರಿದುಕೊಂಡಿದ್ದೇನೆ, ತಲೆಯಾಡಿಸಿ ಕೇಳಿ ಕೊನೆಗೆ ಒಬ್ಬರು, ಹಾಗಾದ್ರೆ ಸಿಸ್ಟರ್, ಬಿಸಿನೀರು ಕುಡಿದ್ರೆ ಸಾಕಲ್ವಾ. ಗೋಡೆಗೆ ಹೇಳಿದ್ದರೆ ಅದು ಸುಮ್ಮನಾದರೂ ಇರುತ್ತಿತ್ತು. ಈಗ ಅತ್ತಿಗೆ, ಕೈಯಲ್ಲಿ ಅಣ್ಣನ ಕಾರ್ಡು, ಸೂಜಿಗೆ ಬೆರಳನ್ನು ಆಗಲೇ ಚಾಚಿಕೊಂಡು — ಅತ್ತಿಗೆ, ಇದು ಅಣ್ಣಂದು. ಹೂಂ ಕಣೇ, ಅವರು ಎಲ್ಲಿ ಬರ್ತಾರೆ, ಯೂನಿಫಾರಂ ಹೊಲಿಯೋದು ರಾಶಿ ಬಿದ್ದಿದೆ, ಹೋದ ಸಲಾನೂ ನಾನೇ ಕೊಟ್ಟಿದ್ದು, ಒಂದೇ ಮನೆ ಊಟ, ರಕ್ತದಲ್ಲೇನು ವ್ಯತ್ಯಾಸ ಬರುತ್ತೆ.

ಹೋದ ಸಲಾನೂ — ಮೂರು ತಿಂಗಳ ಹಿಂದೆ, ಸೂಜಿ ಚುಚ್ಚುವ ಮೇಜು ಆಚೆ ಬದಿಗಿತ್ತು, ನನ್ನ ಮುಂದೆ ಬರೀ ಚೀಟಿಗಳು, ತಲೆಯೆತ್ತದೆ ಅಣ್ಣನ ಹೆಸರಿನ ಮುಂದೆ ಯೂರಿಕ್ ಆಮ್ಲ ನಾಲ್ಕೂವರೆ ಎಂದು ಬರೆದೆ, ಸರಿಯಿದೆ ಎಂದೂ ಬರೆದೆ, ಸಾಲದ್ದಕ್ಕೆ ಮನೆಗೆ ಹೋಗಿ, ಏನಿಲ್ಲ ಅಣ್ಣ, ಮಿಷನ್ ತುಳಿದು ತುಳಿದು ಬಂದ ನೋವು, ಸುಮ್ನೆ ನೆಪ ಹೇಳಬೇಡ ಅಂದೆ. ಹೆಬ್ಬೆರಳಿಗೆ ಬಟ್ಟೆ ತಾಗಿದ್ರೂ ಜೀವ ಹೋಗುತ್ತೆ ಕಣೇ ಅಂದ. ದರ್ಜಿಗೆ ಬಟ್ಟೆ ತಾಗಿದರೆ ನೋವಾ ಎಂದು ನಕ್ಕೆ, ಅವನೂ ನಕ್ಕ, ಬಟ್ಟೆ ತಾಗಿದರೂ ನೋವು ಎಂಬುದೇ ಈ ಕಾಯಿಲೆಯ ಗುರುತು ಎಂದು ಇವತ್ತು ಬೆಳಗ್ಗೆಯಿಂದ ಊರಿಗೆಲ್ಲ ಸಾರುತ್ತಿರುವವಳು ನಾನು, ಅತ್ತಿಗೆಯ ಮೇಲೆ ಸಿಟ್ಟು ಬರುತ್ತಿದೆ, ನನ್ನ ಮೇಲೆ ಅದರ ಹತ್ತರಷ್ಟು, ಮೂರು ತಿಂಗಳು ಅದೇ ಕಾಲಲ್ಲಿ ತುಳಿದಿದ್ದಾನೆ, ನಾನು ಸರಿಯಿದೆ ಅಂದೆನೆಂದು. ಅತ್ತಿಗೆ, ಅವನನ್ನ ಈಗಲೇ ಕರ್ಕೊಂಡು ಬನ್ನಿ. ಹೇಗೆ ಬರ್ತಾರೆ, ಇವತ್ತು ಕಾಲು ಶೂಗೂ ಹೋಗ್ಲಿಲ್ಲ, ನನ್ನ ಚಪ್ಪಲಿ ಬೇರೆ ಕಿತ್ತುಹೋಗಿತ್ತು, ಅವರ ಶೂನೇ ಹಾಕ್ಕೊಂಡು ಬಂದೆ, ಅಗೋ ಬಾಗಿಲ ಹತ್ರ. ಸಿಸ್ಟರ್, ನಂದು ಯಾವಾಗ — ಯಾರೋ ಕೇಳುತ್ತಿದ್ದಾರೆ, ಬಂದೆ, ಇರಿ, ಮುಂದಿನವರು, ಕಣ್ಣು ಮಾತ್ರ ಬಾಗಿಲಿಂದ ಈಚೆ ಬರುತ್ತಿಲ್ಲ, ತನ್ನದೇ ಕತ್ತರಿಯಿಂದ ಕತ್ತರಿಸಿದ್ದಾನೆ, ಆಮೇಲೆ ಎಳೆ ಬಿಚ್ಚದಿರಲಿ ಎಂದು ಆ ತೂತಿನ ಸುತ್ತ ಒತ್ತೊತ್ತಾಗಿ, ಸಣ್ಣ ಸಣ್ಣ ಹೊಲಿಗೆ ಹಾಕಿ ಅಂಚು ಕಟ್ಟಿದ್ದಾನೆ