ಬೂದು ಬಣ್ಣದ ಕುರಿತ ಪತ್ರಗಳು

ಜೈಲಿನಿಂದ ಬಿಡುಗಡೆಯಾದ ಹೆಂಗಸರಿಗಾಗಿ ಮಿಸ್ ಪೆನ್‌ಫೋಲ್ಡ್ ಹ್ಯಾಕ್ನಿ ಬಡಾವಣೆಯಲ್ಲಿ ಒಂದು ಆಶ್ರಯಮನೆ ತೆರೆದಾಗ ನಾನು ಮೇಲ್ವಿಚಾರಕಿಯಾಗಿ ಸೇರಿದೆ. ಮನೆಯ ಖರ್ಚು ಅವರದು, ಸಲಹೆ ಕಾದಂಬರಿಕಾರ ಥ್ರಪ್ ಅವರದು. ಇಬ್ಬರಿಗೂ ನಮ್ಮ ಹೆಂಗಸರ ಮೇಲೆ ನಿಜವಾದ ಮರುಕವಿತ್ತು. ಅದನ್ನು ಇಬ್ಬರೂ ಕಾಗದದ ಮೇಲೆಯೇ ಹರಿಯಬಿಡುತ್ತಿದ್ದರು.

ಜಟಾಪಟಿ ಶುರುವಾದದ್ದು ಹೆಂಗಸರಿಗೆ ಹೊಲಿಸಬೇಕಾದ ಉಡುಪಿನ ಬಣ್ಣದಿಂದ. ಬೂದು ಬಣ್ಣ ವಿನಯ ಕಲಿಸುತ್ತದೆ ಎಂದು ಮಿಸ್ ಬರೆದರು. ಜೈಲಿನ ಗೋಡೆಯೂ ಬೂದು ಬಣ್ಣದ್ದೇ, ಅದು ಯಾರಿಗೆ ವಿನಯ ಕಲಿಸಿತು ಎಂದು ಥ್ರಪ್ ಒಂಬತ್ತು ಪುಟ ಬರೆದರು. ಅದರಲ್ಲಿ ಒಂದೂವರೆ ಪುಟ ಬರೀ ಸೂರ್ಯಾಸ್ತ. ಮಿಸ್ ಬೈಬಲ್ಲಿನ ಮೂರು ವಾಕ್ಯ ಬರೆದು ಕಳಿಸಿದರು. ದಿನಕ್ಕೆ ಹಲವು ಸಲ ಟಪಾಲು ಬರುವ ಊರು; ಬೆಳಗಿನ ಸಿಟ್ಟಿಗೆ ಮಧ್ಯಾಹ್ನವೇ ಉತ್ತರ. ಎಲ್ಲದರ ನಕಲೂ ನನಗೆ ಬರುತ್ತಿತ್ತು. ನವೆಂಬರ್ ಬಂತು, ಬಟ್ಟೆ ಮಾತ್ರ ಬರಲಿಲ್ಲ. ಹನ್ನೊಂದು ಹೆಂಗಸರೂ ತಾವು ಬಂದಾಗ ತೊಟ್ಟಿದ್ದ ತೆಳು ಬಟ್ಟೆಯಲ್ಲೇ ಅಡುಗೆಮನೆಯ ಬೆಂಕಿಗೆ ಅಂಟಿಕೊಂಡು ಕೂತಿರುತ್ತಿದ್ದರು.

ಅವರಲ್ಲಿ ಕೆಜಾಯ ಎಂಬವಳು ಜೇಬುಗಳ್ಳತನಕ್ಕೆ ಎರಡು ಸಲ ಜೈಲು ಕಂಡವಳು. ಅವಳ ಬಾಯಿಗೆ ಯಾವ ಜೈಲೂ ಬೀಗ ಹಾಕಿರಲಿಲ್ಲ.

“ಅಮ್ಮಾವ್ರೇ, ಅವರಿಬ್ರಿಗೂ ಮದುವೆ ಮಾಡಿಸಿಬಿಡಿ. ಕಾಗದ ತಾನಾಗೇ ನಿಲ್ಲುತ್ತೆ,” ಅಂದಳು.

ಥ್ರಪ್ ಅವರಿಗೆ ಹೆಂಡತಿ, ಏಳು ಮಕ್ಕಳು ಇದ್ದಾರೆ ಎಂದೆ.

“ಹಾಗಾದ್ರೆ ಪಾಪ, ಮನೇಲಿ ಮಾತಾಡೋಕೆ ಸರದಿ ಸಿಗ್ತಿಲ್ಲ.”

ಮರುದಿನ ಅವಳಿಗೆ ಕೆಮ್ಮು ಹತ್ತಿತು. ನನಗೆ ತಡೆಯಲಾಗಲಿಲ್ಲ. ಗುರುವಾರ ಬಂದು, ಬಟ್ಟೆ ತೊಡುವವರನ್ನೇ ಕೇಳಿ ಎಂದು ಇಬ್ಬರಿಗೂ ಎರಡೇ ಸಾಲು ಬರೆದೆ. ಕೆಲಸ ಹೋಗಬಹುದೆಂಬ ಭಯವಿತ್ತು; ಆದರೂ ಟಪಾಲಿಗೆ ಹಾಕಿದೆ.

ಇಬ್ಬರೂ ಬಂದರು. ಎದುರಾಬದುರು ಕೂತಾಗ ಎಂಥ ಮರ್ಯಾದೆ ಅಂತೀರಿ, ನೀವು ಮೊದಲು ಹೇಳಿ, ಇಲ್ಲ ನೀವು ಹೇಳಿ ಎಂದು ಕಾಲು ಗಂಟೆ ಕಳೆಯಿತು. ಅವರ ಖಾರವೆಲ್ಲ ಮಸಿಯಲ್ಲೇ ಇತ್ತು. ಕೊನೆಗೆ ಮಿಸ್ ಬಟ್ಟೆಯ ತುಂಡುಗಳನ್ನು ಮೇಜಿನ ಮೇಲೆ ಹರಡಿ, ಯಾವುದು ಇಷ್ಟ ಎಂದು ಕೆಜಾಯಳನ್ನು ಕೇಳಿದರು.

ಅವಳು ಬಟ್ಟೆಯನ್ನು ಉಜ್ಜಿ ದಪ್ಪ ನೋಡಿದಳು. “ಬಣ್ಣ ಯಾವ್ದಾದ್ರೂ ಆಗ್ಲಿ, ಅಮ್ಮಾವ್ರೇ. ಜೇಬು ಇರ್ಲಿ.”

ನಲವತ್ತು ಪತ್ರಗಳಲ್ಲಿ ಯಾರೂ ಜೇಬಿನ ಮಾತೆತ್ತಿರಲಿಲ್ಲ. ಮಿಸ್ ಕಳವಳದಿಂದ, “ಅದರಲ್ಲಿ ಏನಿಟ್ಕೋತೀಯಮ್ಮ?” ಎಂದರು.

“ಕೈ ಇಟ್ಕೋತೀನಿ. ಚಳಿ ನೋಡಿ. ನನ್ನ ಕೈ ನನ್ನ ಜೇಬಲ್ಲೇ ಇದ್ರೆ ಇನ್ನೊಬ್ರ ಜೇಬಿಗೆ ಹೋಗಲ್ಲ, ಅಲ್ವಾ?”

ಮಿಸ್ ಪೆನ್‌ಫೋಲ್ಡ್ ನಕ್ಕಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಥ್ರಪ್ ಮೆಲ್ಲಗೆ ಟಿಪ್ಪಣಿ ಪುಸ್ತಕ ತೆಗೆದರು.

“ಸಾಹೇಬ್ರೇ,” ಅಂದಳು ಕೆಜಾಯ, “ಅದನ್ನ ನಿಮ್ಮ ಕತೆಗೆ ಹಾಕ್ಕೊಳೋದಾದ್ರೆ ಎರಡು ಜೇಬು ಹೊಲಿಸಿಕೊಡಿ.”

ವಾರದೊಳಗೆ ಬಟ್ಟೆ ಬಂತು. ಯಾರಿಗೆ ಯಾವ ಬಣ್ಣ ಬೇಕೋ ಆ ಬಣ್ಣ. ನಾಲ್ವರು ತಾವಾಗಿಯೇ ಬೂದು ಆರಿಸಿಕೊಂಡದ್ದರಿಂದ ಥ್ರಪ್ ಅವರಿಗೆ ನೋವಾಯಿತೆಂದು ಆರು ಪುಟದ ಪತ್ರದಿಂದ ತಿಳಿಯಿತು.

ಹೊಸ ಬಟ್ಟೆ ತೊಟ್ಟ ಸಂಜೆ ಹನ್ನೊಂದು ಮಂದಿಯೂ ಎರಡೂ ಕೈ ಜೇಬಿನಲ್ಲಿಟ್ಟುಕೊಂಡೇ ಪ್ರಾರ್ಥನೆಗೆ ನಿಂತರು. ಕೈ ಜೋಡಿಸಿ ಎಂದು ಹೇಳಲು ನನಗೆ ಮನಸ್ಸು ಬರಲಿಲ್ಲ.